ಆಯಿಯ ಇಳಕಲ್ ಸೀರೆಗಳಿಂದ ಹೊಲಿಸಿದ ಕೌದಿ

ಹಳೇ ಸೀರೆ ಕೊಟ್ಟರೆ ಕೈಯಲ್ಲೇ ಕೌದಿ, ಅಂದರೆ ಹಳೇ ಬಟ್ಟೆ ಪದರ ಪದರವಾಗಿ ಸೇರಿಸಿದ ಹೊದಿಕೆ, ಹೊಲಿದು ಕೊಡುವ ಹೆಂಗಸರು ಬಾಗಲಕೋಟೆ ಹತ್ತಿರದ ಒಂದು ಹಳ್ಳಿಯಲ್ಲಿದ್ದಾರೆ. ನಮ್ಮ ಆಯಿ, ಅಂದರೆ ಅವ್ವನ ಅವ್ವ, ತೀರಿಕೊಂಡ ಮೇಲೆ ಅವಳ ಸೀರೆಗಳನ್ನು ಅವರಿಗೇ ಕೊಟ್ಟೆವು. ಒಂದು ದೊಡ್ಡ ಕೌದಿ, ಒಂದು ಕೂಸಿನ ಕೌದಿ. ಕೆಲಸ ಅಷ್ಟು ಚೆನ್ನಾಗಿದೆ, ಕಣ್ಣು ಮುಚ್ಚಿಕೊಂಡು ಕೊಡಬಹುದು. ಆದರೆ ಅವಸರ ಇದ್ದವರು ಹೋಗಬೇಡಿ.

ಆಯಿ ತೊಂಬತ್ತು ದಾಟಿ ಬದುಕಿದವಳು. ಮದುವೆಯಾಗಿ ಹಳೇ ಬಾಗಲಕೋಟೆಗೆ ಬಂದಾಗ ಊರು ಇನ್ನೂ ಮುಂಬಯಿ ಪ್ರಾಂತ್ಯದಲ್ಲಿತ್ತು. 1956ರಲ್ಲಿ ರಾಜ್ಯ ಒಂದಾದಾಗ ದೊಡ್ಡ ಮಾವ ತೊಟ್ಟಿಲಲ್ಲಿದ್ದರಂತೆ. ಆಲಮಟ್ಟಿ ಆಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟಿದ್ದು 1964ರಲ್ಲಿ, ಆದರೆ ಅದರ ಹಿನ್ನೀರು ನಮ್ಮ ಓಣಿಗೆ ಬರುವ ಹೊತ್ತಿಗೆ ಆಯಿ ಮೊಮ್ಮಕ್ಕಳನ್ನೂ ಆಡಿಸಿ ಆಗಿತ್ತು. ಮನೆ ಬಿಟ್ಟು, ಮುಳುಗಡೆಯಾದವರಿಗೆ ಕಟ್ಟಿದ ನವನಗರಕ್ಕೆ ಹೊರಟ ದಿನ ಬಾಗಿಲು, ಕಿಟಕಿ, ಬೀಸೋ ಕಲ್ಲು ಎಲ್ಲಾ ಗಾಡಿಗೆ ಹಾಕಿದರು. ಸೀರೆಯ ಟ್ರಂಕ್ ಮಾತ್ರ ಯಾರ ಕೈಗೂ ಕೊಡದೆ ತನ್ನ ತೊಡೆಯ ಮೇಲೇ ಇಟ್ಟುಕೊಂಡು ಕೂತಿದ್ದಳು ಅಂತ ಅವ್ವ ಈಗಲೂ ಹೇಳುತ್ತಾಳೆ.

ಆ ಟ್ರಂಕಿನಲ್ಲಿ ಇದ್ದವೆಲ್ಲ ಇಳಕಲ್ ಸೀರೆಗಳೇ. ಬಹಳ ಜನಕ್ಕೆ ಗೊತ್ತಿರಲಿಕ್ಕಿಲ್ಲ, ಈ ಸೀರೆಯಲ್ಲಿ ಒಡಲು ಬೇರೆ, ಸೆರಗು ಬೇರೆ. ಒಡಲಿನ ಹತ್ತಿ ಎಳೆಗೆ ಸೆರಗಿನ ರೇಷ್ಮೆ ಎಳೆಯನ್ನು ಕೊಂಡಿ ಹಾಕಿ ಜೋಡಿಸಿ ನೇಯುತ್ತಾರೆ. ಹಾಗಾಗಿ ಹಳೇದಾದಾಗ ಎರಡೂ ಒಂದೇ ಥರ ಸವೆಯೋದಿಲ್ಲ. ಒಡಲು ಉಟ್ಟಷ್ಟೂ ಮೆತ್ತಗಾಗುತ್ತದೆ, ಕೆಂಪು ಸೆರಗು ಮಡಿಕೆಯಲ್ಲೇ ಸೀಳುತ್ತದೆ. ಮೊದಲು ಪೇಟೆಯ ಒಂದು ಅಂಗಡಿಯಲ್ಲಿ ವಿಚಾರಿಸಿದ್ದೆವು. ಸೆರಗು ಕತ್ತರಿಸಿ ಬಿಸಾಕಿ, ಒಳಗೆ ಸ್ಪಂಜು ತುಂಬಿ ಮಷೀನಿನಲ್ಲಿ ಹೊಲಿಯೋಣ ಅಂದರು. ಅವ್ವ ಅಲ್ಲಿಂದ ಎದ್ದೇ ಬಂದಳು.

ಈ ಹೆಂಗಸರು ಹಾಗಲ್ಲ. ಚಾಪೆ ಹಾಸಿ ಒಂದೊಂದೇ ಸೀರೆ ಬಿಡಿಸಿ, ಬೆಳಕಿಗೆ ಹಿಡಿದು ನೋಡಿ, ಇದು ಯಾವಾಗಿಂದು, ಯಾವುದನ್ನ ಜಾಸ್ತಿ ಉಡತಿದ್ದರು ಅಂತ ಕೇಳುತ್ತಾ ಹೋದರು. ಅವ್ವ ಮತ್ತು ಚಿಕ್ಕವ್ವ ಉತ್ತರ ಹೇಳುತ್ತಾ ಹೇಳುತ್ತಾ ನಾನು ಎಂದೂ ಕೇಳದ ಎಷ್ಟೋ ಸಂಗತಿ ಹೊರಗೆ ಬಂದವು. ಹಸಿರು ಚಿಕ್ಕಿ ಪರಾಸ ದಡಿಯ ಸೀರೆ ಚಿಕ್ಕವ್ವ ಹುಟ್ಟಿದಾಗ ತವರಿನವರು ತಂದಿದ್ದಂತೆ. ಕಸೂತಿ ಹಾಕಿದ ಕಪ್ಪು ಸೀರೆಯ ಗೋಪುರ, ತೇರು ಎಲ್ಲಾ ಆಯಿಯೇ ಎಳೆ ಎಣಿಸಿ ತೆಗೆದಿದ್ದಂತೆ. ನನಗೆ ಗೊತ್ತಿದ್ದ ಆಯಿಗೆ ಸೂಜಿಗೆ ದಾರ ಪೋಣಿಸಲೂ ಕಣ್ಣು ಕಾಣುತ್ತಿರಲಿಲ್ಲ.

ಒಂದು ಸೀರೆಯಲ್ಲಿ ಸೊಂಟದ ಹತ್ತಿರ ಹರಿದಿದ್ದನ್ನು ಆಯಿ ನೀಲಿ ದಾರದಲ್ಲಿ ಹೊಲಿದುಕೊಂಡಿದ್ದಳು. ಆ ತುಂಡು ಬೇಡ ಅನ್ನುತ್ತಾರೇನೋ ಅಂದುಕೊಂಡೆ. ಹಿರಿಯಾಕೆ ಅದರ ಮೇಲೆ ಬೆರಳಾಡಿಸಿ, "ಇದು ನಿಮ್ಮ ಆಯೀ ಕೈ ಹೊಲಿಗೆ ಐತಿ ತಂಗಿ, ಇದನ್ನ ನಡುವ ಇಡತೀವಿ" ಅಂದರು. ಇಟ್ಟಿದ್ದಾರೆ. ಸುತ್ತಲೂ ಹೊಸ ಬಿಳಿ ದಾರದ ಸಾಲು ಬೆರಳಗಲ ಬಿಟ್ಟು ಬಿಟ್ಟು ಓಡುತ್ತದೆ, ನಡುವೆ ಆಯಿಯ ನೀಲಿ ಹೊಲಿಗೆ ಸ್ವಲ್ಪ ಸೊಟ್ಟಗೆ ಹಾಗೇ ಉಳಿದಿದೆ. ಸೆರಗಿನ ಮೂಲೆಯಲ್ಲಿ ಚಿಲ್ಲರೆ, ಅಡಿಕೆ ಕಟ್ಟಿ ಕಟ್ಟಿ ಗಂಟು ಬಿದ್ದ ಸುಕ್ಕು ಕೂಡ ಹೋಗಿಲ್ಲ. ಸೀಳಿದ ರೇಷ್ಮೆಗೆ ಕೆಳಗೆ ಹತ್ತಿ ಬಟ್ಟೆ ಕೊಟ್ಟು ಒತ್ತಾಗಿ ಹೊಲಿದಿರುವುದರಿಂದ ಅದು ಇನ್ನು ಹರಿಯೋದಿಲ್ಲ.

ದೊಡ್ಡ ಕೌದಿಗೆ ಕೂಲಿ 3,500 ರೂಪಾಯಿ, ಕೂಸಿನದಕ್ಕೆ 900. ದಾರ ಅವರದೇ. ಎಲ್ಲಾ ಕೈ ಹೊಲಿಗೆ, ನನ್ನನ್ನು ಕೇಳಿದರೆ ಇದು ಕಮ್ಮಿಯೇ, ನಾವು ಮೇಲೆ ಸ್ವಲ್ಪ ಕೊಟ್ಟೆವು. ದೀಪಾವಳಿಗೆ ಅಂದಿದ್ದು ಸಂಕ್ರಾಂತಿಗೆ ಸಿಕ್ಕಿತು, ಯಾಕೆಂದರೆ ಸುಗ್ಗಿ ಬಂದರೆ ಅವರು ಹೊಲಕ್ಕೆ ಹೋಗಲೇಬೇಕು. ಫೋನ್ ಮಾಡಿದರೆ ಎತ್ತುತ್ತಾರೆ, ಸುಮ್ನೆ ನಾಳೆ ನಾಡಿದ್ದು ಅಂತ ಹೇಳಿ ಸಾಗಹಾಕುವುದಿಲ್ಲ. ದೊಡ್ಡ ಕೌದಿ ಭಾರ ಜಾಸ್ತಿ, ಒಬ್ಬರೇ ಒಗೆಯಲು ಆಗೋದಿಲ್ಲ. ಕೆಂಪು ಬಣ್ಣ ಮೊದಲ ಸಲ ಸ್ವಲ್ಪ ಬಿಟ್ಟಿತು, ಆದ್ದರಿಂದ ಬೇರೆಯಾಗಿ ತಣ್ಣೀರಲ್ಲೇ ಅದ್ದಿ.

ಕೂಸಿನ ಕೌದಿಯ ಮೇಲೆ ಈಗ ಅಕ್ಕನ ಮಗಳು ಮಲಗುತ್ತಾಳೆ, ದಿನಾ ಉಚ್ಚೆ ಹೊಯ್ಯುತ್ತಾಳೆ, ದಿನಾ ಒಗೆಯುತ್ತೇವೆ. ಹಾಗೇ ಆಗಬೇಕು ಅಂತಲೇ ಹೊಲಿಸಿದ್ದು. ಅಲಮಾರಿಯಲ್ಲಿ ನುಸಿಗುಳಿಗೆ ಹಾಕಿ ಇಟ್ಟಿದ್ದರೆ ಆ ಸೀರೆಗಳು ಇನ್ನಷ್ಟು ಸೀಳುತ್ತಿದ್ದವು, ಅಷ್ಟೇ ಅಲ್ವಾ?

ನೀವೂ ಹೊಲಿಸುವುದಾದರೆ ಸೀರೆ ಒಗೆದು, ಫಾಲ್ ಬಿಚ್ಚಿ ಒಯ್ಯಿರಿ. ಮನೆಯ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಯಾವ ಸೀರೆ ಮೇಲೆ ಬರಬೇಕು, ಯಾವುದು ಒಳಗೆ ಅಂತ ಅವರೇ ಹೇಳಲಿ.