ಬೇರೆ ಬೇರೆಯಾಗಿ ಮೂರು ಕಡೆ, ಎಲ್ಲ ಸೇರಿಸಿ ಒಂದು ಕಡೆ

ನಾನು ಮೂರು ರಿಪೇರಿ ಕೆಲಸ ಇಟ್ಟುಕೊಂಡು ಹೊರಟವನು. ತಲೆ, ಹೊಟ್ಟೆ, ತೋಟ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುತ್ತಿರಲಿಲ್ಲ. ಏನು ತಿಂದರೂ ಹುಳಿತೇಗು. ತೋಟ ಅಂದರೆ ತಿಪಟೂರು ಕಡೆ ಅಪ್ಪ ಬಿಟ್ಟುಹೋದ ಎರಡು ಎಕರೆ ತೆಂಗು. ನುಸಿ ಹತ್ತಿ ಕಾಯಿ ಸಣ್ಣಗಾಗಿತ್ತು. ಸಾಲದ್ದಕ್ಕೆ ಬದುವಿನ ಮೇಲಿನ ಬಾಂದು ಕಲ್ಲು ಯಾರ ಕಡೆ ಸರಿದಿದೆ ಅಂತ ಚಿಕ್ಕಪ್ಪನ ಜೊತೆ ಜಗಳ ಬೇರೆ.

ಎರಡು ವರ್ಷದಲ್ಲಿ ನಾಲ್ಕು ಕಡೆ ಹೋಗಿ ಬಂದೆ. ಮೌನವಾಗಿ ಕೂತು ಧ್ಯಾನ ಮಾಡುವ ಹತ್ತು ದಿನದ ವಿಪಶ್ಯನ ಶಿಬಿರ, ಒಂದು ಆಯುರ್ವೇದ ಕಾಲೇಜಿನ ಆಸ್ಪತ್ರೆ, ಒಬ್ಬ ರೈತರ ತೋಟ, ಕೊನೆಗೆ ಮೂರನ್ನೂ ಒಂದೇ ಕಡೆ ಕೊಡುವ ಮಲೆನಾಡಿನ ಒಂದು ರಿಟ್ರೀಟ್. ಗೊತ್ತಿರುವವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಎಲ್ಲಾ ಒಟ್ಟಿಗೆ ಸಿಗೋ ಕಡೆ ಹೋದ್ರೆ ಮುಗೀತಲ್ವಾ? ಸುಮ್ನೆ ಯಾಕೆ ಅಲೆದಾಡಿದ್ದು?" ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೋಗಿದ್ದು ವಿಪಶ್ಯನಕ್ಕೆ. ಎಸ್. ಎನ್. ಗೋಯಂಕಾ ಅವರು ಬರ್ಮಾದಲ್ಲಿ ಊ ಬಾ ಖಿನ್ ಅವರ ಹತ್ತಿರ ಕಲಿತು, 1969ರಲ್ಲಿ ಭಾರತಕ್ಕೆ ಬಂದು ಕಲಿಸತೊಡಗಿದ ಪದ್ಧತಿ. ಇದಕ್ಕೆ ಫೀಸು ಇಲ್ಲ. ಹಿಂದೆ ಶಿಬಿರ ಮುಗಿಸಿದವರು ಕೊಟ್ಟ ದಾನದಲ್ಲಿ ನಮ್ಮ ಊಟ, ವಸತಿ ನಡೆಯುತ್ತದೆ. ಮುಗಿಸಿದ ಮೇಲೆ ನಾವು ಕೊಟ್ಟರೆ ಅದು ಮುಂದಿನವರಿಗೆ. ಹೆಸರಿಗೆ ಹತ್ತು ದಿನ, ಹೋಗುವ ದಿನ, ಬರುವ ದಿನ ಸೇರಿದರೆ ಹನ್ನೆರಡು. ರಜೆ ಹಾಕುವಾಗ ನೆನಪಿರಲಿ, ನಾನು ಎರಡು ದಿನ ಕಮ್ಮಿ ಹಾಕಿ ಪೇಚಾಡಿದೆ.

ಫೋನು, ಪುಸ್ತಕ, ಪೆನ್ನು ಯಾವುದೂ ಇಟ್ಟುಕೊಳ್ಳುವ ಹಾಗಿಲ್ಲ. ಬೆಳಗಿನ ಜಾವ 4ಕ್ಕೆ ಗಂಟೆ ಹೊಡೆಯುತ್ತಾರೆ. 11ಕ್ಕೆ ಊಟ. ಸಂಜೆ 5ಕ್ಕೆ ಹೊಸಬರಿಗೆ ಟೀ, ಒಂದಿಷ್ಟು ಹಣ್ಣು. ಅಲ್ಲಿಗೆ ಆ ದಿನದ ಹೊಟ್ಟೆ ಲೆಕ್ಕ ಮುಗಿಯಿತು. ಮೊದಲ ಮೂರು ದಿನ ಆನಾಪಾನ, ಅಂದರೆ ಮೂಗಿನ ತುದಿಯಲ್ಲಿ ಉಸಿರು ಬರುವುದು ಹೋಗುವುದನ್ನು ಗಮನಿಸುವುದು. ನಾಲ್ಕನೇ ದಿನದಿಂದ ವಿಪಶ್ಯನ, ಅಂದರೆ ಮೈಮೇಲೆ ಎಲ್ಲೆಲ್ಲಿ ಏನೇನು ಅನ್ನಿಸುತ್ತದೆ ಅಂತ ಸುಮ್ಮನೆ ಗಮನಿಸುವುದು. ಆಮೇಲೆ ದಿನಕ್ಕೆ ಮೂರು ಸಲ, ಒಂದೊಂದು ಗಂಟೆ ಕೈಕಾಲು ಅಲ್ಲಾಡಿಸದೆ ಕೂರಬೇಕು. ನನ್ನ ಎಡಮಂಡಿಗೆ ಯಾರೋ ಮೊಳೆ ಹೊಡೆದ ಹಾಗಿತ್ತು.

ಮೌನ ಕಷ್ಟ ಅಂತ ಎಲ್ಲರೂ ಹೆದರಿಸುತ್ತಾರೆ. ನನಗೆ ಮೌನ ಏನೂ ಅನ್ನಿಸಲಿಲ್ಲ. ಕಾಡಿದ್ದು ಬಾಂದು ಕಲ್ಲು. ಕಣ್ಣು ಮುಚ್ಚಿದರೆ ಚಿಕ್ಕಪ್ಪ ಎದುರಿಗೆ ನಿಲ್ಲುತ್ತಿದ್ದರು. ಮೂರು ದಿನ ಅವರ ಜೊತೆ ವಾದ ಮಾಡಿದೆ. ನನ್ನ ಉತ್ತರಗಳು ಎಷ್ಟು ಚೆನ್ನಾಗಿದ್ದವು ಅಂದರೆ, ಬರೆದಿಟ್ಟುಕೊಳ್ಳೋಣ ಅನ್ನಿಸಿತು. ಪೆನ್ನಿಲ್ಲ! ಆರನೇ ದಿನ ಮಧ್ಯಾಹ್ನ ಒಂದು ಸಣ್ಣ ಬದಲಾವಣೆ ಆಯಿತು. ಮೊದಲು ಎದೆ ಹತ್ತಿರ ಬಿಸಿಯಾಗಿದ್ದು ಗೊತ್ತಾಯಿತು, ಚಿಕ್ಕಪ್ಪ ಆಮೇಲೆ ಬಂದರು. ಸಿಟ್ಟು ಬಾಯಿಗೆ ಬರುವ ಮುಂಚೆ ಮೈಗೆ ಬರುತ್ತದೆ ಅಂತ ನನಗೆ ಯಾರಾದರೂ ಹೇಳಿದ್ದರೆ ಹೂಂ ಅಂದು ಸುಮ್ಮನಾಗುತ್ತಿದ್ದೆ. ಹನ್ನೆರಡು ದಿನದಲ್ಲಿ ನನಗೆ ಸಿಕ್ಕಿದ್ದು ಅದೊಂದು. ಸಾಕಾಯಿತು. ಹುಳಿತೇಗು ಮಾತ್ರ ಹಾಗೇ ಇತ್ತು. ಇನ್ನೊಂದು ಮಾತು. ಮಾನಸಿಕ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿರುವವರು ಅರ್ಜಿಯಲ್ಲಿ ಮುಚ್ಚಿಡಬೇಡಿ. ಅವರು ಕೇಳುವುದಕ್ಕೆ ಕಾರಣ ಇದೆ.

ಹೊಟ್ಟೆಗೆ ಅಂತ ಹೋಗಿದ್ದು ಆಸ್ಪತ್ರೆಗೆ. ಜನರಲ್ ವಾರ್ಡು, 17 ದಿನ, ಬಿಲ್ಲು ಸುಮಾರು ಹನ್ನೊಂದು ಸಾವಿರ. ವಮನ (ವಾಂತಿ ಮಾಡಿಸುವುದು), ವಿರೇಚನ (ಭೇದಿ ಮಾಡಿಸುವುದು), ಬಸ್ತಿ (ಎನಿಮಾ), ನಸ್ಯ (ಮೂಗಿಗೆ ಔಷಧಿ), ರಕ್ತಮೋಕ್ಷಣ (ರಕ್ತ ತೆಗೆಯುವುದು), ಮೈ ಶುದ್ಧಿಗೆ ಅಂತ ಮಾಡುವ ಇವು ಐದು ಪಂಚಕರ್ಮ. ಐದೂ ಎಲ್ಲರಿಗೂ ಮಾಡುವುದಿಲ್ಲ. ನನ್ನದು ಆಮ್ಲಪಿತ್ತ, ಅಂದರೆ ಅಸಿಡಿಟಿ, ಅಂತ ನೋಡಿ ವೈದ್ಯರು ವಿರೇಚನ ಒಂದನ್ನೇ ಬರೆದರು. ಒಂದೇ ಅಂದರೂ ಅದರ ಹಿಂದೆ ಮುಂದೆ ದೊಡ್ಡ ಸಂಸಾರ ಇದೆ. ಮೂರು ದಿನ ಜೀರ್ಣಕ್ಕೆ ಔಷಧಿ. ಐದು ದಿನ ತುಪ್ಪ. ಮೂರು ದಿನ ಎಣ್ಣೆ, ಹಬೆ. ಒಂದು ದಿನ ಭೇದಿ. ಐದು ದಿನ ಗಂಜಿ.

ತುಪ್ಪದ ಬಗ್ಗೆ ಹೇಳಲೇಬೇಕು. ಹೋಳಿಗೆಗೆ ಹಾಕಿಕೊಳ್ಳುವ ತುಪ್ಪ ಅಂದುಕೊಂಡಿದ್ದೆ. ಕಹಿ ಮೂಲಿಕೆ ಹಾಕಿ ಕಾಯಿಸಿದ ಹಸಿರು ತುಪ್ಪ, ಬೆಳಿಗ್ಗೆ ಖಾಲಿ ಹೊಟ್ಟೆಗೆ. ಮೊದಲ ದಿನ 30 ಎಂಎಲ್. ದಿನ ದಿನ ಜಾಸ್ತಿ ಮಾಡಿ ಐದನೇ ದಿನಕ್ಕೆ ಕಾಫಿ ಲೋಟದ ತುಂಬ. ಮೂಗು ಹಿಡಿದು ಕುಡಿದರೂ ನಾಲಿಗೆ ಮೇಲೆ ಮೇಣ ಬಳಿದ ಹಾಗೆ ಕೂರುತ್ತದೆ. ಆಮೇಲೆ ಹಸಿವಾಗುವ ತನಕ ಬರೀ ಬಿಸಿನೀರು. ನನಗೆ ಹಸಿವಾಗುತ್ತಿದ್ದದ್ದು ಮಧ್ಯಾಹ್ನ ಎರಡರ ಮೇಲೆ. ಅಷ್ಟು ದಿನ ತಣ್ಣೀರು ಮುಟ್ಟುವ ಹಾಗಿಲ್ಲ, ಹಗಲು ಮಲಗುವ ಹಾಗಿಲ್ಲ, ಬಿಸಿಲಿಗೆ ಹೋಗುವ ಹಾಗಿಲ್ಲ, ಮೈ ದಣಿಯುವ ಕೆಲಸ ಮಾಡುವ ಹಾಗಿಲ್ಲ. ಈ ಪಥ್ಯದ ಪಟ್ಟಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ವಿರೇಚನದ ದಿನ ತ್ರಿವೃತ್ ಲೇಹ್ಯ ತಿನ್ನಿಸಿ, ಸಿಸ್ಟರ್ ಒಂದು ಚೀಟಿ, ಪೆನ್ನು ಕೊಟ್ಟರು. ಹೋಗಿ ಬಂದಾಗಲೆಲ್ಲ ಒಂದು ಗೀಟು ಹಾಕಬೇಕು. ಒಂದು ಸಲ ಹೋಗಿ ಬಂದರೆ ಒಂದು ವೇಗ. ಹತ್ತು ವೇಗ ಆದರೆ ಕನಿಷ್ಠ, ಇಪ್ಪತ್ತು ಮಧ್ಯಮ, ಮೂವತ್ತು ಉತ್ತಮ ಅಂತ ಶಾಸ್ತ್ರದ ಲೆಕ್ಕ. ಪಕ್ಕದ ಹಾಸಿಗೆಯ ಅಜ್ಜ ಕ್ರಿಕೆಟ್ ಸ್ಕೋರ್ ಕೇಳಿದ ಹಾಗೆ "ನಿಂದೆಷ್ಟಪ್ಪ ಆಯ್ತು?" ಅಂತ ಕೇಳುತ್ತಿದ್ದರು. ನನ್ನದು 17ಕ್ಕೆ ಆಲೌಟ್. ಅಜ್ಜ 22, ಸಂಜೆ ತನಕ ಅದೇ ಜಂಬ. ಮಾರನೇ ದಿನ ನೀರಿನಂಥ ಗಂಜಿ, ಆಮೇಲೆ ಗಟ್ಟಿ ಗಂಜಿ, ಅದಾದ ಮೇಲೆ ಹೆಸರುಬೇಳೆ ಕಟ್ಟು. ಆ ಕಟ್ಟಿಗೆ ಮೊದಲ ಸಲ ಒಂದು ಚಿಟಿಕೆ ಉಪ್ಪು ಹಾಕಿ ಕೊಟ್ಟಾಗ, ಮದುವೆ ಊಟದಲ್ಲೂ ಇಷ್ಟು ರುಚಿ ಕಂಡಿರಲಿಲ್ಲ.

ಐದು ತಿಂಗಳು ತೇಗು ಇರಲಿಲ್ಲ. ಆಮೇಲೆ ಆಫೀಸಿನ ಸಂಜೆ ಬೋಂಡಾ ಶುರುವಾಯಿತು, ತೇಗೂ ಮೆಲ್ಲಗೆ ವಾಪಸ್ ಬಂತು. ಅದಕ್ಕೆ ಆಸ್ಪತ್ರೆಯವರು ಏನು ಮಾಡಲಿಕ್ಕಾಗುತ್ತದೆ! ಸಕ್ಕರೆ ಕಾಯಿಲೆ, ಹೃದಯ ಅಥವಾ ಲಿವರ್ ತೊಂದರೆ ಇರುವವರು ವೈದ್ಯರನ್ನು ಕೇಳದೆ ಈ ತುಪ್ಪದ ಹತ್ತಿರ ಹೋಗಬೇಡಿ. ತಲೆಗೆ ಮಾತ್ರ ಅಲ್ಲಿ ಏನೂ ಸಿಗಲಿಲ್ಲ. ಸಂಜೆಯಾದರೆ ವಾರ್ಡಿನ ಟಿವಿಯಲ್ಲಿ ಸೀರಿಯಲ್ಲು, ಅತ್ತೆ ಸೊಸೆ ಜಗಳ.

ತೋಟದ ಪಾಠ ಕಲಿತದ್ದು ಚಿಕ್ಕನಾಯಕನಹಳ್ಳಿ ಕಡೆಯ ಒಬ್ಬ ತೆಂಗು ಬೆಳೆಗಾರರ ಮನೆಯಲ್ಲಿ, ಆರು ದಿನ ಇದ್ದು. ಬೋರ್ಡು ಗೀರ್ಡು ಏನಿಲ್ಲ. ಊಟದ ಲೆಕ್ಕಕ್ಕೆ ದಿನಕ್ಕೆ ಮುನ್ನೂರು ಕೊಟ್ಟೆ, ಅದನ್ನೂ ಬಲವಂತವಾಗಿ. ರಾಸಾಯನಿಕ ಗೊಬ್ಬರ ಇಲ್ಲದೆ ಬೆಳೆಯುವ ಸುಭಾಷ್ ಪಾಳೇಕರ್ ಅವರ ಪದ್ಧತಿ ಹಿಡಿದು ಅವರಿಗೆ ಹಲವು ವರ್ಷ ಆಗಿದೆ. ಮೊದಲ ದಿನವೇ ಜೀವಾಮೃತದ ಡ್ರಮ್ಮಿನ ಮುಂದೆ ನಿಲ್ಲಿಸಿದರು. 200 ಲೀಟರ್ ನೀರು, 10 ಕೆಜಿ ನಾಟಿ ಹಸುವಿನ ಸಗಣಿ, ಐದರಿಂದ ಹತ್ತು ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು. ಬದುವೇ ಯಾಕೆ ಅಂದರೆ ಅಲ್ಲಿಗೆ ಔಷಧಿ, ಗೊಬ್ಬರ ಬಿದ್ದಿರುವುದಿಲ್ಲ, ಮಣ್ಣಿನ ಜೀವ ಉಳಿದಿರುತ್ತದೆ. ನೆರಳಲ್ಲಿಟ್ಟು ದಿನಕ್ಕೆರಡು ಸಲ ಕೋಲಿನಲ್ಲಿ ತಿರುವಬೇಕು. ಮೊದಲ ದಿನ ಕೊಟ್ಟಿಗೆ ವಾಸನೆ. 48 ಗಂಟೆ ಆದ ಮೇಲೆ ಮುಚ್ಚಿದ ಗೋಣಿ ತೆಗೆದರೆ ಮೇಲೆಲ್ಲ ನೊರೆ, ವಾಸನೆ ಹುಳಿ ಹುಳಿ, ಹುದುಗಿದ ದೋಸೆ ಹಿಟ್ಟಿನ ಹಾಗೆ. ಒಂದು ಎಕರೆಗೆ ಒಂದು ಡ್ರಮ್ಮು.

"ಇದು ಗೊಬ್ಬರ ಅಂದ್ಕೋಬೇಡಿ ಸಾರ್. ಮೊಸರಿಗೆ ಹೆಪ್ಪು ಇದ್ದಂಗೆ," ಅಂದರು. ಹಾಲು ಯಾವುದು ಅಂತ ಕೇಳಿದೆ. ಗರಿ, ಮಟ್ಟೆ ಹೊದಿಸಿದ್ದ ಕಡೆ ಕೈಹಾಕಿ ಸರಿಸಿ ತೋರಿಸಿದರು. ಮೇ ತಿಂಗಳ ಬಿಸಿಲಲ್ಲೂ ಒಳಗೆ ತಣ್ಣಗೆ, ಕಪ್ಪು ಮಣ್ಣು, ಎರೆಹುಳುವಿನ ಹಿಕ್ಕೆ. ಬುಡಕ್ಕೆ ನೀರು ಬಿಡುವುದು ತಪ್ಪು, ಮಧ್ಯಾಹ್ನ ಮರದ ನೆರಳು ಎಲ್ಲಿಗೆ ಬೀಳುತ್ತದೋ ಅದರ ಅಂಚಿನಾಚೆ ಬಿಡಬೇಕು ಅನ್ನುವುದನ್ನೂ ಅಲ್ಲೇ ಕಲಿತೆ. ನಮ್ಮಪ್ಪ ಮೂವತ್ತು ವರ್ಷ ಬುಡಕ್ಕೇ ಬಿಟ್ಟಿದ್ದರು.

ಅವರ ಇನ್ನೊಂದು ಮಾತು ನನಗೆ ಹಿಡಿಸಿತು. "ಮೊದಲ ಎರಡು ವರ್ಷ ಕಾಯಿ ಕಮ್ಮಿ ಆಯ್ತು ಸಾರ್. ಭಾಷಣದಲ್ಲಿ ಇದನ್ನ ಯಾರೂ ಹೇಳಲ್ಲ." ಇಲ್ಲಿ ಧ್ಯಾನ ಇಲ್ಲ, ಎಣ್ಣೆ ಇಲ್ಲ. ರಾತ್ರಿ ಮುದ್ದೆ ಉಂಡು ಒಂಬತ್ತಕ್ಕೆ ಮಲಗಿದರೆ ಕೋಳಿ ಕೂಗಿದಾಗಲೇ ಎಚ್ಚರ. ಆರೂ ದಿನ.

ಇನ್ನು ರಿಟ್ರೀಟ್. ಸಾಗರ, ಶಿರಸಿ ನಡುವೆ ಎಲ್ಲೋ ಒಂದು ಕಡೆ ಅಂತಿರಲಿ. ಐದು ರಾತ್ರಿಗೆ 32 ಸಾವಿರ. ಜಾಗ ಚೆನ್ನಾಗಿದೆ, ಮಂಗಳೂರು ಹೆಂಚಿನ ಮನೆ, ಎದುರಿಗೆ ಅಡಿಕೆ ತೋಟ, ಹಿಂದೆ ಸೊಪ್ಪಿನ ಬೆಟ್ಟ. ಊಟಕ್ಕೆ ಮಾತ್ರ ನಾಲ್ಕರಲ್ಲಿ ಮೊದಲ ಬಹುಮಾನ. ಒಂದೆಲಗದ ತಂಬುಳಿ, ಅಪ್ಪೆಹುಳಿ, ಪತ್ರೊಡೆ, ಬೆಳಿಗ್ಗೆ ಜೀರಿಗೆ ಕೊತ್ತಂಬರಿ ಕಷಾಯ. ಅಡುಗೆಯವರನ್ನು ನಾನು ಅಕ್ಕ ಅನ್ನುತ್ತಿದ್ದೆ, ಅವರು ಎರಡನೇ ದಿನದಿಂದ ನನಗೆ ಅಂತ ತಂಬುಳಿ ಒಂದು ಲೋಟ ಜಾಸ್ತಿ ಎತ್ತಿಡುತ್ತಿದ್ದರು.

ಆದರೆ ಮೊದಲ ದಿನವೇ ಎಡವಟ್ಟು ಕಾಣಿಸಿತು. ಏಳೂವರೆಯಿಂದ ತೋಟದ ಕೆಲಸ, ಮಧ್ಯಾಹ್ನ ಮೂರಕ್ಕೆ ಪಂಚಕರ್ಮ ಅಂತ ವೇಳಾಪಟ್ಟಿ. ಐದು ದಿನದಲ್ಲಿ ಪಂಚಕರ್ಮ ಎಲ್ಲಿಂದ ಬರುತ್ತದೆ? ಅವರು ಮಾಡಿದ್ದು ಅಭ್ಯಂಗ (ಮೈಗೆ ಎಣ್ಣೆ ಉಜ್ಜುವುದು), ಹಬೆ, ಒಂದು ದಿನ ಹಣೆ ಮೇಲೆ ಎಣ್ಣೆ ಧಾರೆ ಬಿಡುವ ಶಿರೋಧಾರೆ. ಮೈಗೆ ಹಿತವಾಗಿತ್ತು, ಇಲ್ಲ ಅನ್ನಲ್ಲ. ಶಿರೋಧಾರೆ ಆದ ಮೇಲೆ ಅರ್ಧ ಗಂಟೆ ನನಗೆ ನನ್ನ ಹೆಸರೂ ಬೇಕಾಗಿರಲಿಲ್ಲ. ಆದರೆ ಅದು ಆ ಐದು ಕರ್ಮದಲ್ಲಿ ಸೇರಿಲ್ಲ. ನಿಜವಾದ ಪಂಚಕರ್ಮ ಕೊಟ್ಟಿದ್ದರೆ ಬೆಳಿಗ್ಗೆ ಮಳೆಯಲ್ಲಿ ಗುದ್ದಲಿ ಹಿಡಿಯುವ ಹಾಗೇ ಇರಲಿಲ್ಲ, ಪಥ್ಯದ ಪಟ್ಟಿ ನೆನಪಿದೆಯಲ್ಲ? ಒಂದನ್ನು ಸರಿಯಾಗಿ ಮಾಡಿದರೆ ಇನ್ನೊಂದು ಕೆಡುತ್ತದೆ. ಹಾಗಾಗಿ ಎರಡನ್ನೂ ತೆಳ್ಳಗೆ ಮಾಡಿದ್ದಾರೆ.

ತೋಟದ ಕೆಲಸವೂ ಹಾಗೇ. ಮುಕ್ಕಾಲು ಗಂಟೆ. ಅದರಲ್ಲಿ ಅರ್ಧ ಕಾಲಿಗೆ ಹತ್ತಿದ ಉಂಬಳ (ಜಿಗಣೆ) ಕೀಳುವುದಕ್ಕೆ ಹೋಗುತ್ತಿತ್ತು. ಮೊದಲೇ ಕಲಸಿಟ್ಟ ಜೀವಾಮೃತದ ಡ್ರಮ್ಮಿಗೆ ಎಲ್ಲರೂ ಒಂದೊಂದು ಸುತ್ತು ಕೋಲಾಡಿಸಿ ಫೋಟೋ ತೆಗೆಸಿಕೊಂಡರು. ಅಡಿಕೆ ಮರದ ಕೆಳಗಿನ ಬಾಳೆ ಎಲೆಯ ಮೇಲೆ ತಿಳಿ ನೀಲಿ ಕಲೆ ನೋಡಿದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ. ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ನೂರು ಲೀಟರ್ ನೀರು, ಮಲೆನಾಡಿನಲ್ಲಿ ಮಗುವಿಗೂ ಗೊತ್ತು. ಕೆಲಸದವರನ್ನು ಕೇಳಿದರೆ ಮುಚ್ಚುಮರೆ ಮಾಡಲಿಲ್ಲ: "ಹೊಡೀದೇ ಇದ್ರೆ ಕೊಳೆ ಬಂದು ಅಡಿಕೆ ಎಲ್ಲಾ ಉದುರ್ತದೆ, ಮಾರಾಯ್ರೆ." ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಗೇಟಿನಲ್ಲಿ 'ಸಹಜ ಕೃಷಿ' ಅಂತ ಬೋರ್ಡು ಹಾಕಿ, ಬಂದವರಿಗೆ ಈ ಮಾತು ಹೇಳದೇ ಇದ್ದದ್ದು ಸರಿ ಅನ್ನಿಸಲಿಲ್ಲ. ಏನೂ ಸಿಂಪಡಿಸದೆ, ಉಳದೆ ಬೆಳೆಯಬೇಕು ಅಂದ ಜಪಾನಿನ ಫುಕುವೋಕಾ ಅವರ ಫೋಟೋ ಬೇರೆ ಊಟದ ಮನೆಯಲ್ಲಿ ತೂಗುಹಾಕಿದ್ದರು.

ಹಾಗಾದರೆ 32 ಸಾವಿರ ನೀರಿಗೆ ಹಾಕಿದ ಹಾಗಾಯಿತಾ? ಇಲ್ಲ. ಅಲ್ಲಿನ ಸ್ವಾಧ್ಯಾಯ ನಾನು ಎಣಿಸದೇ ಇದ್ದ ಲಾಭ. ನಿವೃತ್ತ ಸಂಸ್ಕೃತ ಮೇಷ್ಟ್ರು ಒಬ್ಬರು ದಿನಾ ಬೆಳಿಗ್ಗೆ ಒಂದು ಗಂಟೆ ಪಾಠ ಮಾಡುತ್ತಿದ್ದರು. ಯೋಗಸೂತ್ರದಲ್ಲಿ ಪತಂಜಲಿ ಹೇಳುವ ಐದು ನಿಯಮಗಳಲ್ಲಿ ಸ್ವಾಧ್ಯಾಯ ನಾಲ್ಕನೆಯದು. ಶಾಸ್ತ್ರ ಓದುವುದು ಅಂತಲೂ ಅರ್ಥ ಇದೆ, ತನ್ನನ್ನು ತಾನು ಓದುವುದು ಅಂತಲೂ ಇದೆ. "ಎರಡನೇದು ಕಷ್ಟ, ಅದಕ್ಕೆ ವ್ಯಾಖ್ಯಾನ ಬರೆದವರು ಯಾರೂ ಇಲ್ಲ," ಅಂದು ನಕ್ಕು ಎಲ್ಲರಿಗೂ ನಲವತ್ತು ಪುಟದ ನೋಟ್‌ಬುಕ್ ಹಂಚಿದರು. ದಿನಾ ರಾತ್ರಿ ಎರಡೇ ವಿಷಯ ಬರೆಯಬೇಕು. ಇವತ್ತು ಯಾವಾಗ ಮನಸ್ಸು ಕೆಟ್ಟಿತು? ಅದಕ್ಕೆ ಸ್ವಲ್ಪ ಮುಂಚೆ ಏನಾಗಿತ್ತು?

ನಾಲ್ಕನೇ ರಾತ್ರಿ ಹಿಂದಿನ ಪುಟಗಳನ್ನು ತಿರುವಿ ನೋಡಿದೆ. ಮೂರು ಸಲ ಬಾಂದು ಕಲ್ಲು ಬಂದಿತ್ತು. ಮೂರು ಸಲವೂ ಅದಕ್ಕೆ ಮುಂಚೆ ಅಮ್ಮನ ಫೋನ್ ಬಂದಿತ್ತು. ಅಮ್ಮ ಕಲ್ಲಿನ ವಿಷಯ ಎತ್ತಿರಲೂ ಇಲ್ಲ. "ಊಟ ಆಯ್ತಾ? ಯಾವಾಗ ಬರ್ತೀಯಾ?" ಅಷ್ಟೇ ಕೇಳಿದ್ದು. ವಿಪಶ್ಯನದಲ್ಲಿ ಫೋನ್ ಇರಲಿಲ್ಲ, ಹಾಗಾಗಿ ಈ ಕೊಂಡಿ ಅಲ್ಲಿ ಕಾಣುವ ಹಾಗೇ ಇರಲಿಲ್ಲ. ಫೋನ್ ಇಟ್ಟುಕೊಳ್ಳಲು ಬಿಡುವುದು ಈ ರಿಟ್ರೀಟಿನ ದೊಡ್ಡ ತಪ್ಪು ಅಂತ ಮೊದಲ ದಿನ ಬೈದುಕೊಂಡಿದ್ದೆ! ಆದರೂ ಹೇಳುತ್ತೇನೆ, ಎದೆ ಬಿಸಿಯಾಗುವುದನ್ನು ಆ ಹನ್ನೆರಡು ದಿನ ಕೂತು ನೋಡಿರದಿದ್ದರೆ, ನೋಟ್‌ಬುಕ್ಕಿನಲ್ಲಿ ಬರೆಯಲು ನನಗೆ ಏನೂ ಸಿಗುತ್ತಿರಲಿಲ್ಲ.

ಈಗ ಯಾರಾದರೂ ಕೇಳಿದರೆ ನಾನು ವಾಪಸ್ ಕೇಳುವುದು, "ರಜೆ ಎಷ್ಟು ದಿನ ಇದೆ?" ಅಂತ. ಐದೇ ದಿನ, ಜೊತೆಗೆ ಹೆಂಡತಿ ಮಕ್ಕಳು, ಮೈ ಹಗುರಾದರೆ ಸಾಕು ಅಂದರೆ ರಿಟ್ರೀಟಿಗೆ ಹೋಗಿ. ಊಟ ಒಂದಕ್ಕೇ ಅರ್ಧ ದುಡ್ಡು ವಸೂಲು. ಹೊಟ್ಟೆ ಕಾಯಿಲೆ ಇದ್ದರೆ ಅಲ್ಲಿಗೆ ಹೋಗಿ ದುಡ್ಡು ಕಳೆಯಬೇಡಿ, ಮೂರು ವಾರ ರಜೆ ಕೂಡಿಸಿಕೊಂಡು ಆಸ್ಪತ್ರೆಗೆ ಸೇರಿಕೊಳ್ಳಿ. ಜಮೀನು ಇದ್ದವರು ನಿಮ್ಮದೇ ಬೆಳೆ ಬೆಳೆಯುವ, ನಿಮ್ಮ ಕಡೆಯದೇ ಮಣ್ಣಿನ ರೈತರನ್ನು ಹುಡುಕಿ. ಮಲೆನಾಡಿನ ಅಡಿಕೆ ತೋಟ ನೋಡಿ ತಿಪಟೂರಿನ ತೆಂಗಿಗೆ ಏನೂ ಕಲಿಯಲಾಗುವುದಿಲ್ಲ. ವಿಪಶ್ಯನಕ್ಕೆ ಮಾತ್ರ ಇಂಥವರು ಹೋಗಿ ಅಂತ ಹೇಳಲಿಕ್ಕೆ ನನಗೆ ಧೈರ್ಯ ಇಲ್ಲ. ಹೋಗಬೇಕು ಅನ್ನಿಸಿದವರು ಹೋಗಿ, ಮಧ್ಯದಲ್ಲಿ ಓಡಿ ಬರಬೇಡಿ.

ಹೋದ ತಿಂಗಳು ಊರಿಗೆ ಹೋಗಿ ನೀಲಿ ಡ್ರಮ್ಮು ಇಳಿಸಿದೆ. ಅಮ್ಮ ಬಾಗಿಲಲ್ಲಿ ನಿಂತು ನೋಡಿ, "ಎರಡು ಕೆಜಿ ಬೆಲ್ಲಾನಾ ಅದಕ್ಕೆ? ಹೋಳಿಗೆಗೆ ಅರ್ಧ ಕೆಜಿ ತಾ ಅಂದ್ರೆ ಮರೆತು ಬರ್ತೀಯಾ," ಅಂದರು. ಎಲ್ಲ ಸುರಿದಾಯಿತು, ಬದುವಿನ ಮಣ್ಣು ಒಂದು ಬಾಕಿ. ನಮ್ಮ ಬದು ಅಂದರೆ ಆ ಕಲ್ಲು ಇರುವ ಬದುವೇ. ಬಗ್ಗಿ ಕೆರೆಯುತ್ತಿರುವಾಗ ಚಿಕ್ಕಪ್ಪ ಅತ್ತ ಕಡೆಯಿಂದ ಬಂದರು.

"ಏನೋ ಅದು?"

"ಒಂದು ಹಿಡಿ ಮಣ್ಣು ಬೇಕಿತ್ತು ಚಿಕ್ಕಪ್ಪ."

ಕಲ್ಲನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. "ತಗೋ ತಗೋ. ಯಾವ ಕಡೆಯಿಂದ ತಗೋತಿದೀಯಾ ಅಂತ ನೋಡ್ಕೊಂಡು ತಗೋ," ಅಂದರು.