ತೋಟದ ಗಿಳಿಗಳ ಫೋಟೊ ತೆಗೆಯಲು 70-300 ಎಂಎಂ ಲೆನ್ಸ್ ಸಾಕಾ?

ಸಾಕು, ಆದರೆ ಬೆಳಕು ಚೆನ್ನಾಗಿರಬೇಕು. ನನ್ನ ಹತ್ತಿರ ಇರುವುದು 300ಕ್ಕೆ ಎಳೆದಾಗ, ಅಂದರೆ ಪೂರ್ತಿ ಜೂಮ್ ಮಾಡಿದಾಗ, ಬೆಳಕು ಒಳಬರುವ ಕಿಂಡಿ ಎಫ್/5.6ಕ್ಕಿಂತ ಜಾಸ್ತಿ ತೆರೆಯುವುದಿಲ್ಲ, ಹಾಗಾಗಿ ಸಂಜೆ ಮರದ ನೆರಳಲ್ಲಿ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಐಎಸ್‌ಒ ಏರಿಸಲೇಬೇಕು, ಫೋಟೊ ಕಾಳುಕಾಳಾಗಿ ಬರುತ್ತದೆ. ಕೂತ ಗಿಳಿಗೆ ಶಟರ್ ವೇಗ 1/500 ಸೆಕೆಂಡ್ ಸಾಕು. ಹಾರುವಾಗ 1/2000 ಇಡಿ, ಇಲ್ಲದಿದ್ದರೆ ರೆಕ್ಕೆ ಬರೀ ಮಸುಕು. ಕಿರಿಕಿರಿ ಆಗಿದ್ದು ಫೋಕಸ್ ವಿಷಯದಲ್ಲಿ. ಹಸಿರು ಎಲೆಗಳ ನಡುವೆ ಹಸಿರು ಹಕ್ಕಿ, ಪಾಪ ಕ್ಯಾಮೆರಾ ಆದರೂ ಏನು ಮಾಡೀತು ಹೇಳಿ, ಮುಂದಿರುವ ರೆಂಬೆಯನ್ನೇ ಹಿಡಿದುಕೊಂಡು ಕೂರುತ್ತದೆ! ಒಂದೇ ಚುಕ್ಕಿಯಲ್ಲಿ ಫೋಕಸ್ ಮಾಡುವ ಸಿಂಗಲ್ ಪಾಯಿಂಟ್ ಹಾಕಿ ಗಿಳಿಯ ಕಣ್ಣಿನ ಮೇಲಿಟ್ಟರೆ ಪರವಾಗಿಲ್ಲ. ಲೆನ್ಸ್ ತೂಕ ಕಡಿಮೆ, ಸ್ಟ್ಯಾಂಡ್ ಬೇಡ, ತೆರೆದ ಕಿಟಕಿಯ ಹಿಂದೆ ಸುಮ್ನೆ ನಿಂತು ತೆಗೆಯಬಹುದು. ಕೈ ನಡುಕ ತಡೆಯುವ ಸ್ಟೆಬಿಲೈಸೇಶನ್ ಇಲ್ಲದ ಅಗ್ಗದ ಮಾಡೆಲ್ ಮಾತ್ರ ತಗೋಬೇಡಿ.