ಕೆಲಸ ಬಿಡದೆ ಸಾಫ್ಟ್‌ವೇರ್ ಎಂಜಿನಿಯರಿಂಗ್ ಎಂ.ಟೆಕ್: ಮುಗಿಸಿ ಕೆಲವು ವರ್ಷಗಳ ಮೇಲೆ ಬರೆದ ವಿಮರ್ಶೆ

ಐದಕ್ಕೆ ನಾಲ್ಕು ಸ್ಟಾರ್. ಕೋರ್ಸ್ ಮುಗಿದ ವಾರವೇ ಬರೆದಿದ್ದರೆ ಮೂರು ಕೊಡುತ್ತಿದ್ದೆ. ಆಗ ಸುಸ್ತೇ ಜಾಸ್ತಿ ಇತ್ತು. ಈಗ ಕೆಲವು ವರ್ಷ ಕಳೆದಿವೆ. ಓದಿದ್ದರಲ್ಲಿ ಏನು ಕೈಗೆ ಹತ್ತಿತು, ಏನು ಪರೀಕ್ಷೆಯ ಜೊತೆಗೇ ಹೋಯಿತು ಅಂತ ಈಗ ಹೇಳಬಲ್ಲೆ.

ನಾನು ಓದಿದ್ದು ಕೆಲಸದಲ್ಲಿರುವವರಿಗೆಂದೇ ನಡೆಸುವ ಎಂ.ಟೆಕ್. ನಾಲ್ಕು ಸೆಮಿಸ್ಟರ್. ಶನಿವಾರ, ಭಾನುವಾರ ಆನ್‌ಲೈನ್ ಕ್ಲಾಸ್, ಪರೀಕ್ಷೆ ಮಾತ್ರ ಕೇಂದ್ರಕ್ಕೆ ಹೋಗಿ ಬರೆಯಬೇಕು. ಕೊನೆಯ ಸೆಮಿಸ್ಟರ್‌ನಲ್ಲಿ ಆಫೀಸಿನ ಕೆಲಸದ ಮೇಲೆಯೇ ಡಿಸರ್ಟೇಶನ್, ಅಂದರೆ ಒಂದು ಕೆಲಸ ಮಾಡಿ ಅದರ ಮೇಲೆ ಬರೆಯುವ ದೊಡ್ಡ ಪ್ರಬಂಧ. ಗೇಟ್ ಪ್ರವೇಶ ಪರೀಕ್ಷೆ ಬರೆದು ಪೂರ್ಣಾವಧಿ ಎಂ.ಟೆಕ್‌ಗೆ ಹೋಗಬಹುದಿತ್ತು, ನಿಜ. ನಾನು ಸೇರುವಾಗ ಅದಕ್ಕೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಇತ್ತು. ಬೆಂಗಳೂರಿನಲ್ಲಿ ಮನೆ ಸಾಲದ ಕಂತು ಕಟ್ಟುತ್ತಿದ್ದ ನಮಗೆ ಅದು ಆಗುವ ಮಾತಾಗಿರಲಿಲ್ಲ.

ಕೊಟ್ಟ ದುಡ್ಡು ವಸೂಲಾಗಿದ್ದು ಸಾಫ್ಟ್‌ವೇರ್ ಆರ್ಕಿಟೆಕ್ಚರ್ ಪೇಪರ್‌ನಲ್ಲಿ. ಆ ಮೇಷ್ಟ್ರು ಸ್ಲೈಡ್ ಬದಿಗಿಟ್ಟು, 1972ರಲ್ಲಿ ಡೇವಿಡ್ ಪಾರ್ನಾಸ್ ಬರೆದ ಒಂದು ಪುಟ್ಟ ಪ್ರಬಂಧ ಓದಿಸಿದರು. ಪ್ರೋಗ್ರಾಮನ್ನು ಮಾಡ್ಯೂಲ್‌ಗಳಾಗಿ, ಅಂದರೆ ಬೇರೆ ಬೇರೆ ಭಾಗಗಳಾಗಿ, ಒಡೆಯುವುದು ಹೇಗೆ ಅನ್ನುವುದೇ ಅದರ ವಿಷಯ. ಅದರಲ್ಲಿ ಬರುವ ಉದಾಹರಣೆ ಬಹಳ ಚಿಕ್ಕದು. ಒಂದು ಸಾಲು ಕೊಟ್ಟರೆ ಅದರ ಪ್ರತಿಯೊಂದು ಪದವೂ ಒಮ್ಮೆ ಮೊದಲಿಗೆ ಬರುವಂತೆ ತಿರುಗಿಸಬೇಕು. 'ಮಳೆ ಬೇಗ ಬಂತು' ಅಂತ ಕೊಟ್ಟರೆ 'ಬೇಗ ಬಂತು ಮಳೆ', 'ಬಂತು ಮಳೆ ಬೇಗ' ಕೂಡ ಬರಬೇಕು. ಆಮೇಲೆ ಎಲ್ಲವನ್ನೂ ಅಕಾರಾದಿಯಾಗಿ ಜೋಡಿಸಿ ಅಚ್ಚು ಹಾಕಬೇಕು.

ಯಾರಾದರೂ ಇದನ್ನು ಹೇಗೆ ಒಡೆಯುತ್ತಾರೆ ಹೇಳಿ? ಓದುವುದು ಒಂದು ಮಾಡ್ಯೂಲ್, ತಿರುಗಿಸುವುದು ಒಂದು, ಜೋಡಿಸುವುದು ಒಂದು, ಅಚ್ಚು ಹಾಕುವುದು ಒಂದು. ನಾವೆಲ್ಲ ಹಾಗೇ ಬರೆದುಕೊಟ್ಟೆವು. ಪಾರ್ನಾಸ್ ಹೇಳುವುದು ಬೇರೆ. ಹಾಗೆ ಒಡೆದರೆ ಸಾಲುಗಳನ್ನು ಮೆಮೊರಿಯಲ್ಲಿ ಹೇಗೆ ಇಟ್ಟಿದ್ದೇವೆ ಅನ್ನುವುದು ಹೆಚ್ಚುಕಡಿಮೆ ಎಲ್ಲ ಮಾಡ್ಯೂಲ್‌ಗಳಿಗೂ ಗೊತ್ತಿರಬೇಕಾಗುತ್ತದೆ. ಇಡುವ ರೀತಿ ಬದಲಾದ ದಿನ ಎಲ್ಲವನ್ನೂ ಮುಟ್ಟಬೇಕು. ಅದರ ಬದಲು ಮುಂದೆ ಬದಲಾಗಬಹುದಾದ ನಿರ್ಧಾರಗಳನ್ನು ಮೊದಲು ಪಟ್ಟಿ ಮಾಡಿ, ಒಂದೊಂದನ್ನೂ ಒಂದೊಂದು ಮಾಡ್ಯೂಲ್ ಒಳಗೆ ಬಚ್ಚಿಡಿ ಅನ್ನುತ್ತಾರೆ.

ನಮ್ಮ ಟೀಮಿನದ್ದು ಬಿಲ್ಲಿಂಗ್ ಸಾಫ್ಟ್‌ವೇರ್. ಮರುದಿನ ಅದರ ಕೋಡ್ ತೆರೆದರೆ ಅಲ್ಲೂ ಇದೇ ಕಥೆ. ಆರ್ಡರ್ ಓದು, ತೆರಿಗೆ ಹಾಕು, ಇನ್‌ವಾಯ್ಸ್ ಮಾಡು, ಮೇಲ್ ಕಳಿಸು. ಜಿಎಸ್‌ಟಿ ದರ ಮಾತ್ರ ಎಲ್ಲ ಕಡೆ ಹರಡಿಕೊಂಡಿತ್ತು. ಮೇಲ್ ಕಳಿಸುವ ಕೋಡ್‌ಗೂ 18 ಅನ್ನುವ ಸಂಖ್ಯೆ ಗೊತ್ತಿತ್ತು! ಅದನ್ನೆಲ್ಲ ಒಂದೇ ಕಡೆಗೆ ತರುವ ಕೆಲಸವನ್ನೇ ಅಸೈನ್‌ಮೆಂಟ್ ಆಗಿ ತೆಗೆದುಕೊಂಡೆ. ಮ್ಯಾನೇಜರ್ ಒಪ್ಪಿದರು, ಮೇಷ್ಟ್ರೂ ಒಪ್ಪಿದರು.

ಅದರ ಫಲ ಸಿಕ್ಕಿದ್ದು ಎಷ್ಟೋ ದಿನದ ಮೇಲೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದವಲ್ಲ, 12 ಮತ್ತು 28ರಲ್ಲಿದ್ದ ಹೆಚ್ಚಿನ ವಸ್ತುಗಳು 5ಕ್ಕೋ 18ಕ್ಕೋ ಬಂದವು. ನಾವು ಬದಲಿಸಿದ್ದು ಒಂದು ಟೇಬಲ್, ಅದರಲ್ಲಿ 'ಯಾವ ತಾರೀಖಿನಿಂದ' ಅನ್ನುವ ಕಾಲಂ ಮೊದಲೇ ಇತ್ತು. ಪಕ್ಕದ ಟೀಮಿನವರು ರಾತ್ರಿಯೆಲ್ಲ ಕೂತು ಕೋಡ್‌ನಲ್ಲಿ ಸಂಖ್ಯೆ ಹುಡುಕುತ್ತಿದ್ದರು. ಆ ವಾರ ನನಗೆ ಈ ಕೋರ್ಸ್ ಮೇಲೆ ಇದ್ದ ಅನುಮಾನವೆಲ್ಲ ಹೋಯಿತು.

ಟೆಸ್ಟಿಂಗ್ ಪೇಪರ್ ಕೂಡ ಚೆನ್ನಾಗಿತ್ತು. ಕೋಡ್ ಎಷ್ಟು ಜಟಿಲ ಅಂತ ನೋಡಲು ಥಾಮಸ್ ಮೆಕೇಬ್ 1976ರಲ್ಲಿ ಹೇಳಿದ ಅಳತೆ ಒಂದಿದೆ. ಫಂಕ್ಷನ್ (ಒಂದು ಕೆಲಸ ಮಾಡುವ ಕೋಡ್ ತುಂಡು) ಒಳಗೆ 'ಹೀಗಿದ್ದರೆ ಇದು, ಇಲ್ಲದಿದ್ದರೆ ಅದು' ಅಂತ ಕವಲೊಡೆಯುವ ಜಾಗ ಎಷ್ಟಿವೆ ಎಣಿಸಿ, ಒಂದು ಕೂಡಿಸಿ. ಹತ್ತು ದಾಟಿದರೆ ಒಡೆಯುವುದನ್ನು ಯೋಚಿಸಿ. ಇದನ್ನು ಟೂಲ್‌ಗಳೇ ಎಣಿಸಿ ಕೊಡುತ್ತವೆ, ಆದರೆ ಕೈಯಲ್ಲಿ ಒಮ್ಮೆ ಚಿತ್ರ ಬರೆದು ಎಣಿಸಿದ ಮೇಲೆ ಕೋಡ್ ರಿವ್ಯೂ ಮಾಡುವ ಕಣ್ಣೇ ಬದಲಾಗುತ್ತದೆ. ಅದೇ ಪೇಪರ್‌ನಲ್ಲಿ ಏರಿಯಾನ್ 5 ರಾಕೆಟ್ ವಿಷಯವೂ ಬಂತು. 1996ರ ಜೂನ್ 4ರಂದು ಹಾರಿದ ಒಂದೇ ನಿಮಿಷದೊಳಗೆ ಅದು ಚೂರಾಯಿತು. 64 ಬಿಟ್‌ನ ಸಂಖ್ಯೆಯೊಂದನ್ನು 16 ಬಿಟ್‌ಗೆ ತುರುಕುವಾಗ ಹಿಡಿಸಲಿಲ್ಲ. ಆ ಕೋಡ್ ಏರಿಯಾನ್ 4ರಿಂದ ಹಾಗೇ ಬಂದದ್ದು. ಅಲ್ಲಿ ಆ ಬೆಲೆ ಅಷ್ಟು ದೊಡ್ಡದಾಗುವ ಪ್ರಸಂಗವೇ ಇರಲಿಲ್ಲ. ಇನ್ನೂ ಬೇಜಾರಿನ ಸಂಗತಿ ಅಂದರೆ, ಹೊಸ ರಾಕೆಟ್‌ನಲ್ಲಿ ನೆಲ ಬಿಟ್ಟ ಮೇಲೆ ಆ ಲೆಕ್ಕದಿಂದ ಯಾವ ಪ್ರಯೋಜನವೂ ಇರಲಿಲ್ಲ. 'ಹಳೇ ಪ್ರಾಜೆಕ್ಟ್‌ನಲ್ಲಿ ಚೆನ್ನಾಗೇ ಓಡ್ತಿತ್ತು' ಅಂತ ಯಾರಾದರೂ ಅಂದರೆ ನಾನು ಈಗ ಸುಮ್ನೆ ಬಿಡುವುದಿಲ್ಲ. ಅಲ್ಲಿ ಯಾವುದನ್ನು ನಂಬಿಕೊಂಡು ಬರೆದಿದ್ದರು ಅಂತ ಕೇಳುತ್ತೇನೆ.

ಇನ್ನು ಕಳೆದ ಒಂದು ಸ್ಟಾರ್. ಎಲ್ಲ ಪೇಪರ್ ಹೀಗಿರಲಿಲ್ಲ. ಸಾಫ್ಟ್‌ವೇರ್ ತಯಾರಿಸುವ ಕ್ರಮ, ಅಂದರೆ ಪ್ರಾಸೆಸ್, ಹೇಳಿಕೊಟ್ಟವರು ತುಂಬ ಹಳೆಯ ಸ್ಲೈಡ್‌ಗಳನ್ನು ಓದುತ್ತಾ ಹೋದರು. ವಾಟರ್‌ಫಾಲ್ (ಒಂದು ಹಂತ ಮುಗಿದ ಮೇಲೆಯೇ ಮುಂದಿನ ಹಂತ ಅನ್ನುವ ಪದ್ಧತಿ) ಚಿತ್ರ ಬರೆಯಿರಿ, ಐದು ಅಂಕ. ಆ ಚಿತ್ರದ ಮೂಲ ಅಂತ ಎಲ್ಲರೂ ತೋರಿಸುವ 1970ರ ಪ್ರಬಂಧದಲ್ಲೇ ವಿನ್‌ಸ್ಟನ್ ರಾಯ್ಸ್, ಹೀಗೆ ನೇರವಾಗಿ ಮಾಡಿದರೆ ಅಪಾಯ, ಕೆಡುವ ಸಂಭವ ಜಾಸ್ತಿ ಅಂದಿದ್ದಾರೆ. ನಮ್ಮ ಕ್ಲಾಸ್‌ನಲ್ಲಿ ಆ ಮಾತೇ ಬರಲಿಲ್ಲ. ನೋಟ್ಸ್‌ನಲ್ಲಿ ರಾಯ್ಸ್ ಹೆಸರು ಕಂಡು ಮನೆಯಲ್ಲಿ ಹುಡುಕಿ ಓದಿದೆ. ಇಂಥದ್ದಕ್ಕೂ ಸೇರಿ ಫೀಸ್ ಕಟ್ಟಿದ್ದೇವೆ ಅನ್ನುವಾಗ ಹೊಟ್ಟೆ ಉರಿಯುತ್ತದೆ. ಅಸೈನ್‌ಮೆಂಟ್‌ಗೆ ಅಂಕ ಬರುತ್ತಿತ್ತು, ಎಲ್ಲಿ ಸರಿ ಎಲ್ಲಿ ತಪ್ಪು ಅನ್ನುವುದು ಬರುತ್ತಿರಲಿಲ್ಲ. ಗುಂಪು ಪ್ರಾಜೆಕ್ಟ್‌ನಲ್ಲಿ ಕೊನೆಯ ರಾತ್ರಿ ಮಾತ್ರ ಕಾಣಿಸಿಕೊಳ್ಳುವವರು ಎಲ್ಲ ಕಡೆಯೂ ಇರುತ್ತಾರೆ ಬಿಡಿ.

ಸಮಯದ ವಿಷಯ ಸೇರುವವರು ಹಗುರವಾಗಿ ತೆಗೆದುಕೊಳ್ಳಬೇಡಿ. ಆಫೀಸಿನ ರಿಲೀಸ್ ಮತ್ತು ಪರೀಕ್ಷೆ ಒಂದೇ ವಾರ ಬಂದೇ ಬರುತ್ತವೆ. ಎರಡು ವರ್ಷ ಊರಿನ ಮದುವೆ, ಗೃಹಪ್ರವೇಶ ಬಹಳಷ್ಟು ತಪ್ಪಿದವು. 'ಈ ಭಾನುವಾರವೂ ಕ್ಲಾಸೇನಮ್ಮ?' ಅಂತ ಕೇಳುತ್ತಲೇ ನಮ್ಮತ್ತೆ ಮಗುವನ್ನು ಎತ್ತಿಕೊಂಡು ಹೊರಗೆ ಹೋಗುತ್ತಿದ್ದರು. ಅವರಿಲ್ಲದಿದ್ದರೆ ಈ ಡಿಗ್ರಿ ಮುಗಿಯುತ್ತಲೇ ಇರಲಿಲ್ಲ.

ಸಂಬಳ? ಡಿಗ್ರಿ ಬಂತು ಅಂತ ಯಾರೂ ಏರಿಸಲಿಲ್ಲ. ಆರ್ಕಿಟೆಕ್ಟ್ ಜಾಗಕ್ಕೆ ಇಂಟರ್‌ವ್ಯೂ ಕೊಟ್ಟಾಗ ಮಾತಾಡುವ ಧೈರ್ಯ ಬಂತು, ಅಷ್ಟು ಹೇಳಬಲ್ಲೆ. ಕಾಲೇಜು ಮುಗಿಸಿ ಒಂದೆರಡು ವರ್ಷ ಆದವರಿಗೆ ನಾನು ಇದನ್ನು ಹೇಳುವುದಿಲ್ಲ. ಕೈಯಲ್ಲಿ ಸ್ವಂತದ್ದೊಂದು ಹಳೇ ಕೋಡ್, ಅದರ ನೋವು ಇರಬೇಕು. ಆಗಲೇ ಪಾರ್ನಾಸ್ ಅರ್ಥವಾಗುವುದು.

ಸೇರುವ ಮುಂಚೆ ಮಾನ್ಯತೆ ನೋಡಿ. 2017ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ಅನುಮತಿ ಇಲ್ಲದೆ ದೂರಶಿಕ್ಷಣದಲ್ಲಿ ಕೊಟ್ಟಿದ್ದ ಎಂಜಿನಿಯರಿಂಗ್ ಪದವಿಗಳ ವಿರುದ್ಧ ತೀರ್ಪು ಕೊಟ್ಟಿತು. ಓದಿ ಎಷ್ಟೋ ವರ್ಷ ಆದವರಿಗೂ ಅದು ತಟ್ಟಿತು. ಪಿಎಚ್‌ಡಿ ಅಥವಾ ಪಾಠ ಹೇಳುವ ಕೆಲಸ ಮನಸ್ಸಿನಲ್ಲಿದ್ದರೆ ಉನ್ನತ ಶಿಕ್ಷಣ ಮತ್ತು ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಯುಜಿಸಿ, ಎಐಸಿಟಿಇ ಸಂಸ್ಥೆಗಳ ಅನುಮತಿಯ ಪತ್ರವನ್ನೇ ಕೇಳಿ ಪಡೆಯಿರಿ. ಫೋನಿನಲ್ಲಿ ಹೇಳಿದ ಮಾತನ್ನು ನಂಬಬೇಡಿ. ಕಂಪನಿ ಫೀಸ್ ಕೊಡುತ್ತದೆ ಅಂದರೆ ಎಷ್ಟು ವರ್ಷ ಬಿಡುವಂತಿಲ್ಲ ಅನ್ನುವುದನ್ನೂ ಓದಿ.

ಡಿಸರ್ಟೇಶನ್ ವಿಷಯವನ್ನು ಮೂರನೇ ಸೆಮಿಸ್ಟರ್‌ನಲ್ಲೇ ಹುಡುಕಿಕೊಳ್ಳಿ. ಕೋಡ್ ತೋರಿಸಲು ಕಂಪನಿಯ ಲೀಗಲ್‌ನವರು ಬೇಗ ಒಪ್ಪುವುದಿಲ್ಲ, ಬರಹದಲ್ಲಿ ಅನುಮತಿ ತರಲು ವಾರಗಟ್ಟಲೆ ಓಡಾಡಬೇಕು. ಕೆಲಸ ಶುರು ಮಾಡುವ ಮುಂಚಿನ ಅಂಕಿಗಳನ್ನು ಅಳೆದು ಇಟ್ಟುಕೊಳ್ಳಿ. ಕೊನೆಯ ಮೌಖಿಕ ಪರೀಕ್ಷೆ ವೈವಾದಲ್ಲಿ ನನಗೆ ಬಂದ ಮೊದಲ ಪ್ರಶ್ನೆಯೇ 'ಸುಧಾರಿಸಿದೆ ಅಂತೀರಲ್ಲ, ಮೊದಲು ಎಷ್ಟಿತ್ತು?' ಅನ್ನುವುದು.